ಮೂರು ಡಬ್ಬಿ ಹಾಡು

2008ರ ನವೆಂಬರ್ 21, ಶುಕ್ರವಾರ, ಬೆಳಿಗ್ಗೆ ಐದು ಹತ್ತಕ್ಕೆ ಸಿದ್ರಾಮಪ್ಪ ತೀರಿಕೊಂಡರು. ಏಳು ಗಂಟೆಗೆ ದೇವಾನಂದ ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

"ಸ್ವಲ್ಪ ಎಡಕ್ಕ ತಗೋ," ಎಂದರು ಅಯ್ಯನವರು. "ಹಾಂ, ಅಲ್ಲೇ ಹಿಡಿ. ಅಲುಗಾಡಿಸಬ್ಯಾಡ."

ಲಿಂಗಾಯತರು ಹೆಣವನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಒಯ್ಯುತ್ತಾರೆ. ಮೈ ಸೆಟೆದುಕೊಳ್ಳುವ ಮೊದಲೇ ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ನಿಲ್ಲಿಸಿದ ಹಲಗೆಗೆ ಬೆನ್ನು ಒರಗಿಸಿ ಕಟ್ಟಬೇಕು. ಮಗ ಸಿದ್ದಾರೂಢ ಬಿಳಿ ಧೋತರದ ಪಟ್ಟಿಯನ್ನು ಅಪ್ಪನ ಹಣೆಯ ಮೇಲಿಂದ ಹಾಯಿಸಿ ಹಲಗೆಯ ಹಿಂದೆ ಗಂಟು ಹಾಕುತ್ತಿದ್ದ. ಸದಾಶಿವ ಪೇಠದ ಪುಸ್ತಕದಂಗಡಿಯಲ್ಲಿ ಇಪ್ಪತ್ತು ವರ್ಷ ಕಟ್ಟು ಕಟ್ಟಿದ ಕೈ. ಇವತ್ತು ಎರಡು ಸಲ ಗಂಟು ಜಾರಿತು. ಮೂರನೆಯ ಸಲ ಬಿಗಿಯಿತು.

"ಬಿಡಪ್ಪ, ಇನ್ನ ನಿಲ್ತದ," ಎಂದರು ಅಯ್ಯನವರು.

ದೇವಾನಂದ ಕೈ ತೆಗೆದ. ತಲೆ ನಿಂತಿತು.

ಮರಾಠಿ ನಾಡಿನ ಖಡಕಿಯ ಆ ಎರಡು ಕೋಣೆಯ ಮನೆಗೆ ಆಗಲೇ ಮಂದಿ ಬರತೊಡಗಿದ್ದರು. ಮೊದಲು ಬಂದವನು ಮನೋಹರ. ಮಾಣಿಕ್ ಟಾಕೀಸ್ ಮುಚ್ಚುವವರೆಗೆ ಅಲ್ಲಿ ಮ್ಯಾನೇಜರ್ ಆಗಿದ್ದವನು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಹೆಣಕ್ಕೆ ಕೈಮುಗಿದು, ಸಿದ್ದಾರೂಢನ ಹೆಗಲು ಹಿಡಿದು ಕೇಳಿದ: "ಮಣ್ಣು ಎಷ್ಟೊತ್ತಿಗೆ?"

"ಹನ್ನೆರಡಕ್ಕ್ರಿ. ಸೊಲ್ಲಾಪುರದಿಂದ ಅತ್ತಿ ಬರಬೇಕು."

ದೇವಾನಂದ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅವನು ಈಗ ವಿಮಾನ ನಗರದ ಮಾಲ್‌ನ ಮಲ್ಟಿಪ್ಲೆಕ್ಸಿನಲ್ಲಿ ಆಪರೇಟರ್. ಹೊಸ ಚಿತ್ರದ ಶುಕ್ರವಾರ. ಮೊದಲ ಎರಡು ಆಟ ಬೇರೊಬ್ಬ ನೋಡಿಕೊಳ್ಳುತ್ತೇನೆಂದಿದ್ದ. ಮೂರು ಹದಿನೈದರದ್ದು ಇವನದೇ. ಸಮಯ ಸಾಕು. ಆದರೆ ಮಣ್ಣಿಗಿಂತ ಮೊದಲು ಇನ್ನೊಂದು ಕೆಲಸ ಇತ್ತು.

ಸಿದ್ರಾಮಪ್ಪ ಮೂವತ್ತೆಂಟು ವರ್ಷ ಮಾಣಿಕ್ ಟಾಕೀಸಿನ ಕ್ಯಾಬಿನ್‌ನಲ್ಲಿ ಚಿತ್ರ ಓಡಿಸಿದವರು. ಒಂದೇ ಒಂದು ತಪ್ಪಿಗೆ, ತಮ್ಮ ಕಣ್ಣು ಹೋಯಿತೆಂದು ನಂಬಿ, ತಾವಾಗಿಯೇ ಕೆಲಸ ಬಿಟ್ಟು ಮನೆಗೆ ಬಂದು ಕೂತರು. ಆ ತಪ್ಪು ಅವರದಾಗಿರಲಿಲ್ಲ. ದೇವಾನಂದನದು. ಅವರಿಗೆ ಅದನ್ನು ಹೇಳಬೇಕೆಂದು ಏಳು ವರ್ಷ ಒಂಬತ್ತು ತಿಂಗಳು ಅಂದುಕೊಳ್ಳುತ್ತಲೇ ಇದ್ದು, ಹೇಳದೆ ಉಳಿದಿದ್ದ. ಈಗ ಆ ಕಾಕಾನಿಗೆ ಹೇಳುವುದು ಸಾಧ್ಯವಿಲ್ಲ. ಮಣ್ಣಾಗುವ ಮೊದಲು ಕಾಕೂಗಾದರೂ ಹೇಳಬೇಕು.

ಕಾಕೂ, ಅಂದರೆ ಸಿದ್ರಾಮಪ್ಪನವರ ಹೆಂಡತಿ ಬಸವಣ್ಣೆವ್ವ, ಗಂಡನ ಬಲಕ್ಕೆ ಗೋಡೆಗೊರಗಿ ಕೂತಿದ್ದಳು. ಸುತ್ತ ನಾಲ್ಕು ಜನ ಹೆಂಗಸರು. ದೇವಾನಂದ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ.

"ಕಾಕೂ, ಒಂದು ಮಾತು…"

"ನೀ ಮೊದಲು ಚಾ ಕುಡಿ ದೇವ್ಯಾ. ಬಾಜೂ ಮನಿಯಿಂದ ಕಳಿಸ್ಯಾರ. ಐದೂವರಿಯಿಂದ ನಿಂತೀದಿ."

ಅವನು ಚಹಾ ಕುಡಿದ.

*

ದೇವಾನಂದ ಗೌಂಡಿ ತಾಯಪ್ಪನ ಮಗ. 1994ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅವನು ಮಾಣಿಕ್ ಟಾಕೀಸಿಗೆ ಸಹಾಯಕನಾಗಿ ಸೇರಿದಾಗ ಮದುವೆಮನೆಯ ಚಿತ್ರಗಳ ಕಾಲ. ಒಂದೊಂದರಲ್ಲಿ ಎಂಟು, ಹತ್ತು ಹಾಡು. ಸದಾಶಿವ ಪೇಠದ ಹೆಂಗಸರು ತಮ್ಮ ಭಿಶಿ ಚೀಟಿಯ ಗುಂಪಿನೊಡನೆ ಟೆಂಪೋ ಮಾಡಿಕೊಂಡು ಖಡಕಿಗೆ ಬರುತ್ತಿದ್ದರು, ತಮ್ಮ ಕಡೆಯ ಟಾಕೀಸುಗಳಲ್ಲಿ ಟಿಕೆಟ್ ಸಿಗುತ್ತಿರಲಿಲ್ಲವೆಂದು. ಬಾಲ್ಕನಿಯ ತುಂಬ ಪೈಠಣಿ ಸೀರೆ, ಮಲ್ಲಿಗೆ, ಸ್ಟೀಲಿನ ಡಬ್ಬಿಯಲ್ಲಿ ಚಿವಡಾ. ಹಾಡು ಶುರುವಾದರೆ ಬಾಲ್ಕನಿಯೂ ಹಾಡುತ್ತಿತ್ತು. ಕೆಳಗಿನ ಮುಂದಿನ ಸಾಲಿನಲ್ಲಿ ಮದ್ದುಗುಂಡಿನ ಕಾರ್ಖಾನೆಯ ಹುಡುಗರು ಪರದೆಗೆ ಚಿಲ್ಲರೆ ಎಸೆದು "ವನ್ಸ್ ಮೋರ್" ಎಂದು ನೆಲಕ್ಕೆ ಕಾಲು ಬಡಿಯುತ್ತಿದ್ದರು.

ಒಂದು ದಿನ ಸಿದ್ರಾಮಪ್ಪ ನಿಜಕ್ಕೂ ಚಿತ್ರ ನಿಲ್ಲಿಸಿ, ದೀಪ ಹಾಕಿಸಿ, ರೀಲನ್ನು ಕೈಯಲ್ಲೇ ಹಿಂದಕ್ಕೆ ಸುತ್ತಿ ಹಾಡನ್ನು ಮತ್ತೆ ಬಿಟ್ಟರು. ನಾಲ್ಕು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಬಾಲ್ಕನಿ ಚಪ್ಪಾಳೆ ತಟ್ಟುತ್ತ ಕಾಯಿತು.

"ಮ್ಯಾನೇಜರ್ ಬೈತಾರ್ರಿ ಕಾಕಾ," ಎಂದಿದ್ದ ದೇವಾನಂದ.

"ಬೈಲಿ ಬಿಡೋ. ಊಟಕ್ಕ ಕುಂತಾವರು ಇನ್ನೊಂದು ಹೋಳಗಿ ಕೇಳಿದ್ರ ಇಲ್ಲ ಅಂತೀಯೇನು?"

ಮೊದಲು ಬರುವುದು ನಿಲ್ಲಿಸಿದವರು ಆ ಹೆಂಗಸರು. ಮನೆಗಳಿಗೆ ಕೇಬಲ್ ಬಂತು. ದಿನವಿಡೀ ಹಾಡು, ಕತೆಯ ಕಾಟವಿಲ್ಲದೆ. ಮಧ್ಯಾಹ್ನಕ್ಕೆ ಧಾರಾವಾಹಿ. ಬಾಲ್ಕನಿಯ ಸೀಟುಗಳ ಮೇಲೆ ಧೂಳು ಕೂತಿತು. ಆಮೇಲೆ ಉಳಿದ ಗಂಡಸರು ಬದಲಾದರು. ತೊಂಬತ್ತೊಂಬತ್ತರ ಹೊತ್ತಿಗೆ ಹಾಡಿನ ಮೊದಲ ಪಿಟೀಲು ಕೇಳಿದ್ದೇ ತಡ, ಅರ್ಧ ಹಾಲ್ ಎದ್ದು ಸಿಗರೇಟಿಗೆ ಹೋಗುತ್ತಿತ್ತು. ಬಾಗಿಲು ತೆರೆದಾಗಲೆಲ್ಲ ಹೊರಗಿನ ಬೆಳಕು ಪರದೆಯ ಮೇಲೆ ಬಿದ್ದು ನಾಯಕಿಯ ಮುಖ ಬಿಳಿಚಿಕೊಳ್ಳುತ್ತಿತ್ತು. ಮಾಲೀಕರು ಹೇಳಿದರು: ಹಾಡು ತೆಗೆಯಿರಿ, ದಿನಕ್ಕೆ ಒಂದು ಆಟ ಹೆಚ್ಚು ಮಾಡೋಣ.

ಅಂದಿನಿಂದ ಸಿದ್ರಾಮಪ್ಪ ಹಾಡು ಕತ್ತರಿಸತೊಡಗಿದರು. ಕತ್ತರಿಸಿದ ಹಾಡುಗಳನ್ನು ಒಂದೊಂದು ಡಬ್ಬಿಯಲ್ಲಿ ಸುತ್ತಿಟ್ಟು, ಯಾವ ರೀಲಿನದೆಂದು ಚೀಟಿ ಹಾಕಿ, ಪ್ರಿಂಟು ವಾಪಸು ಹೋಗುವ ದಿನ ಅದರದರ ಜಾಗಕ್ಕೆ ಜೋಡಿಸಿ ಕಳಿಸಬೇಕು. ಅದಕ್ಕೆ ಅವರದೊಂದು ಕಟ್ಟಳೆ ಇತ್ತು: ಒಂದು ಡಬ್ಬಿ ಮುಚ್ಚದೆ ಇನ್ನೊಂದು ಡಬ್ಬಿ ತೆರೆಯಬಾರದು.

*

ಹತ್ತು ಗಂಟೆಗೆ ಮನೆಯ ಮುಂದೆ ಬಾಡಿಗೆಯ ಕುರ್ಚಿಗಳು ಬಂದವು. ಒಳಗೆ ಇಬ್ಬರು ಮುದುಕರು ತಾಳ ಹಿಡಿದು ಭಜನೆ ಹೇಳುತ್ತಿದ್ದರು. ಹೊರಗೆ ಮನೋಹರ, ದೇವಾನಂದ, ಮಾಣಿಕ್ ಟಾಕೀಸಿನ ಹಳೆಯ ಗೇಟ್‌ಕೀಪರ್ ಅಂಬಣ್ಣ.

"ನಿಮ್ಮ ಮಾಲ್‌ನ್ಯಾಗ ಹೆಂಗ ದೇವಾನಂದ?" ಅಂಬಣ್ಣ ಕೇಳಿದ. "ಹಾಡು ನೋಡ್ತಾರೇನು ಮಂದಿ?"

"ಈಗ ಎದ್ದು ಹೋಗೂದು ಕಡಿಮಿ ಆಗ್ಯಾದ್ರಿ. ಕೂತಲ್ಲೇ ಮೊಬೈಲ್ ತಗೀತಾರ."

"ಮತ್ತ ಹಾಡು ಯಾಕ ಹಾಕ್ತಾರ?"

"ಹಾಡು ಮೊದಲ ಟೀವಿಗೆ, ಫೋನಿಗೆ ಮಾರಿರ್ತಾರ," ಎಂದ ಮನೋಹರ. "ಪಿಚ್ಚರ್‌ನ್ಯಾಗ ಇರೂದು ಹೆಸರಿಗೆ."

"ನಮ್ಮಲ್ಲಿ ಕಡೀಕ ಹಾಡು ನೋಡಾವ್ರು ಅಂದ್ರ ನಮ್ಮ ಊರ ಕಡಿ ಮಂದಿ ಅಷ್ಟೇ. ಯಾದಗಿರಿ, ಸೇಡಂ. ಸಿಮೆಂಟ್ ಹತ್ತಿದ ಕಾಲಿಲೇ ಬರ್ತಿದ್ರು." ಅಂಬಣ್ಣ ಧ್ವನಿ ತಗ್ಗಿಸಿದ. "ಮಾತು ತಿಳೀತಿರಲಿಲ್ಲ ಪಾಪ, ಹಿಂದಿ. ಹಾಡು ತಿಳೀತಿತ್ತು. ಹಾಡು ಕತ್ತರಿಸಿದ ದಿನ ನನ್ನ ಕೊಳ್ಳಪಟ್ಟಿ ಹಿಡಿದಾರ. 'ಅರ್ಧಾ ಪಿಚ್ಚರ್ ತೋರಿಸಿ ಪೂರಾ ರೊಕ್ಕ ತಗೋತೀ ಏನಲೇ?' ಅಂತ."

ಒಳಗಿನಿಂದ ಹೆಂಗಸರು ನಕ್ಕ ಸದ್ದು ಬಂತು. ಸಾವಿನ ಮನೆಯಲ್ಲಿ ನಗೆ ಕೇಳಿ ಮೂವರೂ ತಿರುಗಿ ನೋಡಿದರು. ಭಜನೆಯವರು ತಾಳ ನಿಲ್ಲಿಸಿದ್ದರು. ಬಸವಣ್ಣೆವ್ವ ಕತೆ ಹೇಳುತ್ತಿದ್ದಳು.

"…'ಬಸವಣ್ಣೆವ್ವಾ, ಇವತ್ತ ಏನಾತು ಗೊತ್ತೇನು? ನನ್ನ ಕೈ ತಪ್ಪತು, ಒಬ್ಬಾಕಿ ಹಿಡಿದ್ಲು' ಅಂತ ಕುಣಕೋತ ಬಂದ್ರವ್ವ ಮನಿಗೆ. ತಪ್ಪು ಮಾಡಿ ಕುಣದ ಗಂಡಸನ್ನ ನಾ ಅವತ್ತೇ ನೋಡಿದ್ದು."

"ಮುಂದ?" ಎಂದಳು ಒಬ್ಬಳು.

"ಮುಂದೇನು, ರಾತ್ರಿ ಊಟಕ್ಕ ಕುಂತಾಗ ಸುಮ್ನಾದ್ರು. ಕನ್ನಡಕ ತಗದು ದೀಪಕ್ಕ ಹಿಡದು ನೋಡಿದ್ರು. 'ಐದು, ಎಂಟು ಎರಡೂ ಒಂದೇ ಕಂಡಾವು ನನ್ನ ಕಣ್ಣಿಗೆ' ಅಂದ್ರು."

ಬಾಗಿಲಲ್ಲಿ ನಿಂತಿದ್ದ ದೇವಾನಂದ ಮತ್ತೆ ಹೊರಗೆ ಬಂದ. ಈ ಕತೆಯನ್ನು ಸಿದ್ರಾಮಪ್ಪನವರ ಬಾಯಲ್ಲಿ ಅವನು ಇಪ್ಪತ್ತು ಸಲವಾದರೂ ಕೇಳಿದ್ದ. ಅದರಲ್ಲಿ ಅವನಿಗಿದ್ದದ್ದು ಚಹಾ ತರುವ ಪಾತ್ರ ಮಾತ್ರ.

*

2001ರ ಫೆಬ್ರವರಿ 15, ಗುರುವಾರ. ಎರಡು ವಾರ ಓಡಿದ ಒಂದು ಸಾಧಾರಣ ಚಿತ್ರದ ಕೊನೆಯ ದಿನ. ಮೊದಲ ವಾರ ಪೂರಾ ತೋರಿಸಿ, ಎರಡನೆಯ ವಾರ ಏಳು ಹಾಡುಗಳಲ್ಲಿ ಮೂರನ್ನು ಕತ್ತರಿಸಿ ಡಬ್ಬಿಗೆ ಹಾಕಿದ್ದರು. ಪ್ರಿಂಟು ಸಂಜೆ ಸೊಲ್ಲಾಪುರಕ್ಕೆ ಹೋಗಬೇಕು. ಹಾಡು ಜೋಡಿಸಿ, ಮಧ್ಯಾಹ್ನದ ಆಟದಲ್ಲಿ ಒಮ್ಮೆ ಓಡಿಸಿ ನೋಡಿ ಕಳಿಸುವುದು ವಾಡಿಕೆ.

ದೇವಾನಂದನಿಗೆ ಅಂದು ಸಂಜೆ ಭೋಸರಿಯಲ್ಲಿ ಹುಡುಗಿ ನೋಡುವುದಿತ್ತು. ಅದಕ್ಕೂ ಮೊದಲು ಕ್ಷೌರ ಮಾಡಿಸಬೇಕಿತ್ತು. ಬೇಗ ಮುಗಿಯಲೆಂದು ಮೂರೂ ಡಬ್ಬಿಗಳ ಮುಚ್ಚಳ ಒಟ್ಟಿಗೆ ತೆಗೆದ. ಮೇಜಿನ ಫ್ಯಾನು ತಿರುಗುತ್ತಿತ್ತು. ಚೀಟಿಗಳು ಹಾರಿ ನೆಲಕ್ಕೆ ಬಿದ್ದವು. ಎತ್ತಿಕೊಂಡ, ಅಂದಾಜಿನ ಮೇಲೆ ಒಂದೊಂದಕ್ಕೆ ಒಂದೊಂದು ಹಾಕಿದ, ಕ್ಷೌರಕ್ಕೆ ಓಡಿದ. ಮರಳಿ ಬರುವಷ್ಟರಲ್ಲಿ ಸಿದ್ರಾಮಪ್ಪ ಚೀಟಿ ನೋಡಿ ಮೂರನ್ನೂ ಜೋಡಿಸಿ, ಚೀಟಿಗಳನ್ನು ಹರಿದೆಸೆದಿದ್ದರು.

ಚಿತ್ರದ ಕತೆ ಸರಳವಾಗಿತ್ತು. ಒಬ್ಬ ಬಡಗಿ, ಅವನ ಒಬ್ಬಳೇ ಮಗಳು. ಮಗಳು ಅಪ್ಪನಿಗೆ ಹೇಳದೆ ಓಡಿಹೋಗಿ ಮದುವೆಯಾಗುತ್ತಾಳೆ. ಅಪ್ಪ ಊರೂರು ಹುಡುಕಿ ಕೊನೆಗೆ ಕಂಡುಹಿಡಿಯುತ್ತಾನೆ.

ಐದನೆಯ ರೀಲಿನಲ್ಲಿ ಸಿದ್ರಾಮಪ್ಪ ಕ್ಯಾಬಿನ್ನಿನ ಕಿಂಡಿಗೆ ಮುಖ ಹಚ್ಚಿದವರು ಹಾಗೇ ನಿಂತರು.

"ಲೇ ದೇವ್ಯಾ. ಲಗ್ನಾನೇ ಆಗಿಲ್ಲಲ್ಲೋ ಇನ್ನೂ!"

ಪರದೆಯ ಮೇಲೆ ಮಗಳು ತಾಳಿ ಕಟ್ಟಿಕೊಂಡು, ಗಂಡನ ಜೊತೆ ಮಾಳಿಗೆಯ ಮೇಲೆ ಹಾಡುತ್ತಿದ್ದಳು. ಅವರಿಬ್ಬರ ಮೊದಲ ಭೇಟಿ ಆಗಿ ಎರಡು ನಿಮಿಷವೂ ಆಗಿರಲಿಲ್ಲ. ನಿಲ್ಲಿಸುವಂತಿರಲಿಲ್ಲ. ಎಂಟನೆಯ ರೀಲಿನಲ್ಲಿ, ಮದುವೆ ಮುಗಿದ ಕೂಡಲೇ, ಅಪ್ಪ ಎದೆ ಬಡಿದುಕೊಂಡು ಊರೂರು ಮಗಳನ್ನು ಹುಡುಕುತ್ತ ಹಾಡಿದ. ಹದಿಮೂರನೆಯದರಲ್ಲಿ ಅಪ್ಪ ನಿಜಕ್ಕೂ ಹುಡುಕಬೇಕಾದ ಹೊತ್ತಿಗೆ ಮಗಳು ಕನ್ಯೆಯಾಗಿ ಜೋಕಾಲಿ ಆಡಿದಳು.

ಹಾಲ್‌ನಲ್ಲಿ ಅರವತ್ತೆರಡು ಜನ. ಒಬ್ಬರೂ ಸೀಟಿ ಊದಲಿಲ್ಲ. ಬೈಯಲಿಲ್ಲ. ಚಿತ್ರ ಮುಗಿದಾಗ ಎಂದಿನಂತೆ ಎದ್ದು ಹೋದರು. ಸಿದ್ರಾಮಪ್ಪ ಸ್ಟೂಲಿನ ಮೇಲೆ ಕೂತರು. "ನೋಡಿದೇನು? ಯಾರಿಗೂ ಗೊತ್ತ ಆಗಲಿಲ್ಲ," ಎಂದರು. ಬೈಯುತ್ತಾರೆಂದು ಹೆದರಿ ನಿಂತಿದ್ದ ದೇವಾನಂದನಿಗೆ ಆ ಧ್ವನಿ ಬೈಗುಳಕ್ಕಿಂತ ಕಷ್ಟವಾಯಿತು.

ಆಗ ಕಬ್ಬಿಣದ ಮೆಟ್ಟಿಲ ಮೇಲೆ ಬಳೆಯ ಸದ್ದಾಯಿತು. ಮೂವತ್ತೆಂಟರ ಆಸುಪಾಸಿನ ಹೆಂಗಸು, ಹಸಿರು ಇಳಕಲ್ ಸೀರೆ, ಉಗುರಿನ ಸಂದಿಯಲ್ಲಿ ಸಿಮೆಂಟು.

"ಭೈಯಾ, ವೋ ಲಡ್ಕೀ ಕಾ ಶಾದೀ…" ಎಂದು ಹರಕು ಹಿಂದಿಯಲ್ಲಿ ಶುರುಮಾಡಿ ನಿಂತಳು.

"ಏನಾತವ್ವ?" ಎಂದರು ಸಿದ್ರಾಮಪ್ಪ.

"ಅಯ್ಯ, ನಮ್ಮಾವ್ರೇ ಅದೀರಲ್ಲ! ಅಲ್ಲಣ್ಣಾ, ಲಗ್ನ ಆಗೂಕಿಂತ ಮೊದಲ ಆ ಹುಡುಗಿ ಕೊಳ್ಳಾಗ ತಾಳಿ ಹೆಂಗ ಬಂತು? ಹೋಗ್ಲಿ, ಕದ್ದು ಕಟಿಗೊಂಡಾಳ ಅನ್ನೂಣು. ಆ ಅಪ್ಪ! ಊರೂರು ಹುಡುಕಿ ಬೋರ್ಯಾಡಿ ಅತ್ತು ಬಂದಾಂವ, ಮುಂದ ಮನ್ಯಾಗ ಊಟಕ್ಕ ಕುಂತು 'ಮಗಳು ಎಲ್ಲಿ ಅದಾಳ' ಅಂತ ಕೇಳ್ತಾನ! ಹುಚ್ಚ ಅದಾನೇನು ಅಂವ?"

ಸಿದ್ರಾಮಪ್ಪ ಅವಳನ್ನೇ ನೋಡಿದರು. ಆಮೇಲೆ ನಗತೊಡಗಿದರು. ಕೆಮ್ಮು ಬರುವವರೆಗೆ ನಕ್ಕರು. ದೇವಾನಂದನನ್ನು ಚಹಾಕ್ಕೆ ಕಳಿಸಿದರು. ಅವಳ ಹೆಸರು ಯಂಕವ್ವ, ಶಹಾಪುರದ ಕಡೆಯವಳು, ಗುರುವಾರ ಅವಳಿಗೆ ವಾರದ ರಜೆ ಎಂದು ಚಹಾ ಬರುವಷ್ಟರಲ್ಲಿ ತಿಳಿದುಕೊಂಡಿದ್ದರು.

"ಅರವತ್ತೊಂದು ಮಂದಿ ಸುಮ್ನ ಎದ್ದು ಹೋದ್ರು ಯಂಕವ್ವಾ. ನೀ ಒಬ್ಬಾಕಿ ನೋಡೀದಿ. ತಪ್ಪು ನಂದು. ಹಾಡು ಕೂಡಸೂದ್ರಾಗ ಹೆಚ್ಚುಕಡಿಮಿ ಆತು."

"ಹಂಗಾರ ಖರೇ ಕಥಿ ಹೆಂಗದ, ಹೇಳ್ರಿ."

"ನಾ ಪಿಚ್ಚರ್ ತೋರಿಸಾಂವ, ಕಥಿ ಹೇಳಾಂವ ಅಲ್ಲ. ಇವತ್ತ ಸರಿ ಮಾಡಿ ಕಳಿಸಬೇಕು. ಮತ್ತ ತರಸ್ತೀನಿ. ನಿನ್ನ ಬಾಲ್ಕನ್ಯಾಗ ಕುಂಡ್ರಿಸಿ ಪುಕ್ಕಟ ತೋರಿಸ್ತೀನಿ. ಆತಿಲ್ಲೋ?"

ಆಮೇಲಿನ ಆರು ತಿಂಗಳಲ್ಲಿ ದೇವಾನಂದ ನಿಜ ಹೇಳಲು ಹತ್ತಾರು ಸಲ ಬಾಯಿ ತೆರೆದು ಮುಚ್ಚಿದ. ಕಣ್ಣಿನ ಡಾಕ್ಟರು ನಂಬರೇನೂ ಹೆಚ್ಚಿಲ್ಲ ಎಂದರು, ಸಿದ್ರಾಮಪ್ಪ ನಂಬಲಿಲ್ಲ. ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟು, ತಮ್ಮ ಜಾಗಕ್ಕೆ ದೇವಾನಂದನ ಹೆಸರನ್ನು ತಾವೇ ಹೇಳಿದರು. ಅಂದಿನಿಂದ ಅದನ್ನು ಹೇಳುವುದು ಇನ್ನೂ ಕಷ್ಟವಾಯಿತು. ಭೋಸರಿಯ ಹುಡುಗಿಯಂತೂ ಒಪ್ಪಿರಲಿಲ್ಲ.

*

ಹನ್ನೊಂದೂಕಾಲಿಗೆ ಬಸವಣ್ಣೆವ್ವ ಒಳಕೋಣೆಗೆ ಎದ್ದು ಹೋದಳು. ಗಂಡನಿಗೆ ಉಡಿಸಲು ಇಟ್ಟಿದ್ದ ಹೊಸ ಶಾಲು ಹುಡುಕುತ್ತಿದ್ದಳು. ಒಲೆ ಹಚ್ಚಿರಲಿಲ್ಲ. ದೇವಾನಂದ ಹಿಂದೆಯೇ ಹೋದ. ಈ ಸಲ ನಿಲ್ಲಿಸದೆ ಹೇಳಿದ: ಮೂರು ಡಬ್ಬಿ, ಫ್ಯಾನು, ಚೀಟಿ, ಕ್ಷೌರ. ಒಂದು ನಿಮಿಷವೂ ಹಿಡಿಯಲಿಲ್ಲ.

ಬಸವಣ್ಣೆವ್ವ ಟ್ರಂಕಿನ ಮುಚ್ಚಳ ಹಿಡಿದೇ ಕೇಳಿದಳು. "ಅವರಿಗೆ ಗೊತ್ತಿತ್ತೇನು?"

"ಇಲ್ಲ ಕಾಕೂ."

"ಹಂಗಾರ ಅವರ ಕಣ್ಣ ಚೊಲೊ ಇದ್ವು."

"ಹೌದ್ರಿ."

"ಏಳು ವರ್ಷ ನನಗ ಸೂಜ್ಯಾಗ ದಾರ ಹಾಕಿ ಕೊಡ್ರಿ ಅಂದ್ರ 'ನನ್ನ ಕಣ್ಣ ಹೋಗ್ಯಾವ' ಅಂದ್ರು. ಓದೂದು ಬಿಟ್ರು. ರಸ್ತೆ ದಾಟೂವಾಗ ನನ್ನ ಕೈ ಹಿಡೀತಿದ್ರು." ಅವಳ ಧ್ವನಿ ಏರಲಿಲ್ಲ. "ಕೈ ಹಿಡದಿದ್ದ ಚೊಲೊ ಇತ್ತ ಬಿಡು. ಆದ್ರ ಅವರು ಕುಡ್ಡ ಇರಲಿಲ್ಲಲ್ಲೋ ದೇವ್ಯಾ."

ದೇವಾನಂದ ಅವಳ ಕೈಯಿಂದ ಟ್ರಂಕಿನ ಮುಚ್ಚಳ ತೆಗೆದುಕೊಂಡು ಎತ್ತಿ ಹಿಡಿದ.

"ಲಗ್ನ ಆಗಿ ಮೂವತ್ತಮೂರು ದೀಪಾವಳಿ ನಾ ಒಬ್ಬಾಕೀನ ಪಣತಿ ಹಚ್ಚೀನಿ. ಹಬ್ಬ ಅಂದ್ರ ಹೊಸ ಪಿಚ್ಚರ್, ಹೊಸ ಪಿಚ್ಚರ್ ಅಂದ್ರ ಕ್ಯಾಬಿನ್. ಕೆಲಸ ಬಿಟ್ಟ ಮ್ಯಾಲೆ ಎಂಟು ದೀಪಾವಳಿ ನನ್ನ ಬಾಜೂಕ ಕುಂತು ಎಣ್ಣಿ ಹಾಕ್ಯಾರ. ಅದೂ ನಿನ್ನಿಂದನ ಅಂದಂಗಾತು." ಶಾಲು ಸಿಕ್ಕಿತು. ಅದನ್ನು ಕೊಡವಿದಳು. "ನಿನಗ ಬೈಲ್ಯೋ, ಏನಂತ ಅನ್ಲ್ಯೋ, ನನಗ ತಿಳೀವಲ್ದು. ಇವತ್ತ ತಲಿ ನಡಿಯಂಗಿಲ್ಲ. ಹೋಗು, ಅವರ ಮುಂದ ಹೇಳು. ಇನ್ನೂ ಮನ್ಯಾಗ ಅದಾರ."

ಅವನು ಹೋಗಿ ಹೇಳಿದ. ಭಜನೆ ನಡೆದಿತ್ತು, ಅವನ ತುಟಿ ಆಡಿದ್ದಷ್ಟೇ ಉಳಿದವರಿಗೆ ಕಂಡಿತು. ವಿಭೂತಿ ಬಳಿದ ಆ ಮುಖ ಹಲಗೆಗೆ ಒರಗಿ ನೇರವಾಗಿ ಎದುರಿನ ಗೋಡೆಯನ್ನು ನೋಡುವಂತಿತ್ತು.

ಆ ಗುರುವಾರದಿಂದ ಈ ಮನೆಗೆ ಬಳಕೆಯಾಗಿದ್ದ ಯಂಕವ್ವ, ಸುದ್ದಿ ಮುಟ್ಟಿ ಬಂದದ್ದು ಹೆಣ ಎತ್ತುವ ಹೊತ್ತಿಗೆ. ವಿಮಾನ ನಗರದ ಕಟ್ಟಡದ ಸೈಟಿನಿಂದ ಎರಡು ಬಸ್ ಬದಲಿಸಿ ಬಂದಿದ್ದಳು. ಜೊತೆಗೆ ಇನ್ನೂ ಮೂವರು ಹೆಂಗಸರು. ಒಳಗೆ ಬರದೆ ಅಂಗಳದ ಅಂಚಿನಲ್ಲೇ ನಿಂತರು. ಸೊಲ್ಲಾಪುರದ ಅತ್ತೆ ಮೂಗು ಮುರಿದು, "ಯಾರಿವರು?" ಎಂದು ಕೇಳಿದರು.

"ನಮ್ಮ ಮಂದಿ," ಎಂದಳು ಬಸವಣ್ಣೆವ್ವ. "ಬಾ ಯಂಕವ್ವಾ, ಮುಂದ ಬಾ. ನಿಮ್ಮ ಅಣ್ಣ ಹೊಂಟಾರ."

ಯಂಕವ್ವ ಬಂದು ಪಾದ ಮುಟ್ಟಿದಳು. ಭಜನೆಯ ಮುದುಕರಿಬ್ಬರಿಗೂ ದಮ್ಮು ಹತ್ತಿತ್ತು. ಸ್ಮಶಾನದ ದಾರಿಯಲ್ಲಿ ಅರ್ಧದಿಂದ ಮುಂದೆ ಆ ನಾಲ್ವರು ಹೆಂಗಸರೇ ಪದ ಹೇಳಿದರು. ಸಿದ್ದಾರೂಢನ ಅಂಗಡಿಯ ಮರಾಠಿ ಗೆಳೆಯರು ಅರ್ಥವಾಗದೆ, ಆದರೆ ಹೆಜ್ಜೆ ತಪ್ಪದೆ ನಡೆದರು.

ಹನ್ನೆರಡು ನಲವತ್ತಕ್ಕೆ ಮಣ್ಣಾಯಿತು. ದೇವಾನಂದ ಮೂರು ಹಿಡಿ ಹಾಕಿದ.

ಕೈ ತೊಳೆಯುವ ನಲ್ಲಿಯ ಹತ್ತಿರ ಮನೋಹರ ಸಿಕ್ಕ. "ಆ ಬಡಗಿ ಪಿಚ್ಚರ್ ಸಲುವಾಗಿ ಸಿದ್ರಾಮಪ್ಪ ವರ್ಷಕ್ಕೊಮ್ಮಿ ನನಗ ಫೋನ್ ಮಾಡ್ತಿದ್ರು ನೋಡು. ತರಸೂಣು ತರಸೂಣು ಅಂತಿದ್ದೆ. ಆ ಪ್ರಿಂಟ್ ಎರಡು ಸಾವಿರದ ಮೂರರಾಗ ತುಂಡು ಮಾಡಿ ಗುಜರಿಗೆ ಹಾಕ್ಯಾರ. ಅವರಿಗೆ ಹೇಳಾಕ ನನಗ ಮನಸ್ಸಾಗಲಿಲ್ಲ."

ಪಕ್ಕದ ನಲ್ಲಿಯಲ್ಲಿ ಬಸವಣ್ಣೆವ್ವ ಕಾಲು ತೊಳೆಯುತ್ತಿದ್ದಳು. ಕೇಳಿಸಿಕೊಂಡಳು. ಸೆರಗಿನಿಂದ ಮುಖ ಒರೆಸಿಕೊಂಡು ದೇವಾನಂದನ ಕಡೆ ತಿರುಗಿದಳು.

"ಏನ್ ಅನಬೇಕಂತ ಈಗ ತಿಳೀತು. ಯಂಕವ್ವಗ ಅವರು ಮಾತು ಕೊಟ್ಟಿದ್ರು. ಆ ಮಾತು ಇನ್ನ ನಿಂದು. ತೋರಸಾಕ ಆಗಂಗಿಲ್ಲ ಅಂದ್ರ ಹೇಳು. ಪೂರಾ ಹೇಳು, ಒಂದು ಹಾಡು ಬಿಡಬ್ಯಾಡ."

*

ಎರಡು ಹತ್ತಕ್ಕೆ ಖಡಕಿಯಿಂದ ಬಸ್ಸು ಹೊರಟಿತು. ಜೊತೆಯ ಮೂವರು ಹೆಂಗಸರು ಹಿಂದಿನ ಸೀಟಿನಲ್ಲಿ ಕೂತ ಕೂಡಲೇ ನಿದ್ದೆ ಹೋದರು. ಯಂಕವ್ವ ಕಿಟಕಿಯ ಪಕ್ಕ, ದೇವಾನಂದ ಅವಳ ಪಕ್ಕ. ಹೋಳ್ಕರ್ ಸೇತುವೆ ದಾಟುವಷ್ಟರಲ್ಲಿ ಡಬ್ಬಿಯ ವಿಷಯ ಹೇಳಿ ಮುಗಿಸಿದ್ದ.

ಯಂಕವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅಂದ್ರ ಅವತ್ತ ಚಾ ತಂದು ಕೊಟ್ಟು ಮೂಲ್ಯಾಗ ನಿಂತಿದ್ದಿ ನೋಡು, ಕಳ್ಳ ನೀನ?"

"ಹೌದವ್ವ."

"ತಲಿ ಕಟಿಂಗ್ ಅಂತೂ ಚೊಲೊ ಆಗಿತ್ತ ಬಿಡು." ಟಿಕೆಟನ್ನು ಮಡಚಿ ಸೆರಗಿನ ಗಂಟಿಗೆ ಸಿಕ್ಕಿಸಿದಳು. "ಹೂಂ, ಹೇಳು ತಮ್ಮಾ. ಖರೇ ಹೆಂಗದ?"

ಅವನು ಹೇಳತೊಡಗಿದ. ಬಡಗಿಯ ಅಂಗಡಿಯಿಂದ, ಮರದ ಹೊಟ್ಟಿನ ನಡುವೆ ಆಡುವ ಸಣ್ಣ ಮಗಳಿಂದ. ಮೊದಲ ಹಾಡು, ಎರಡನೆಯದು. ಮಾತು ಮರೆತಿತ್ತು, ಆದರೆ ಕಿಂಡಿಯಿಂದ ದಿನಕ್ಕೆ ನಾಲ್ಕೈದು ಸಲ ನೋಡಿದ ಚಿತ್ರ. ಯಾವ ಹಾಡಿನಲ್ಲಿ ಯಾವ ಸೀರೆ, ಯಾವ ಸಾಲಿಗೆ ಅವಳು ತಿರುಗುತ್ತಾಳೆ, ಎಲ್ಲ ನೆನಪಿತ್ತು. ರಾಗವನ್ನು ಸಣ್ಣಗೆ ಗುನುಗಿದ. ಮುಂದಿನ ಸೀಟಿನ ಮನುಷ್ಯ ಒಮ್ಮೆ ತಿರುಗಿ ನೋಡಿದ.

"ಜೋಕಾಲಿ ಇಲ್ಲಿ ಬರ್ತದ. ಅವರಿಬ್ಬರೂ ಭೆಟ್ಟಿ ಆದ ಮ್ಯಾಲೆ."

"ಅಂದ್ರ ಇನ್ನೂ ತಾಳಿ ಇಲ್ಲ."

"ಇಲ್ಲ. ಕೊಳ್ಳಾಗ ಬರೀ ಮುತ್ತಿನ ಸರ."

"ಹಂಗ ಹೇಳು ಮತ್ತ!"

ಯರವಡಾದಲ್ಲಿ ಬಸ್ ಬದಲಿಸಬೇಕು. ಎಬ್ಬಿಸಿದ ಹೆಂಗಸರು ಇಳಿದು ನಿಲ್ದಾಣದಲ್ಲಿ ಸುತ್ತ ನಿಂತರು. ಈಗ ಅವರೂ ಕೇಳುತ್ತಿದ್ದರು. ಅಲ್ಲಿ ಮದುವೆಯಾಯಿತು, ಮಾಳಿಗೆಯ ಹಾಡಾಯಿತು. ಎರಡನೆಯ ಬಸ್ಸು ಬರುವುದು ತಡವಾಯಿತು. ಅದು ವಿಮಾನ ನಗರ ಮುಟ್ಟುವಾಗ ಅಪ್ಪ ಮನೆಯಲ್ಲಿ ಊಟಕ್ಕೆ ಕೂತು, ಎರಡು ತಟ್ಟೆ ಹಾಕಿ, ಮಗಳು ಎಲ್ಲಿ ಎಂದು ನೆರೆಯವರನ್ನು ಕೇಳುತ್ತಿದ್ದ. ಗಂಟೆ ಮೂರಾಗಿತ್ತು. ಎಡಕ್ಕೆ ಹೋದರೆ ಮಾಲ್, ಐದು ನಿಮಿಷ. ಬಲಕ್ಕೆ ಯಂಕವ್ವನ ಸೈಟು.

"ನಿನಗ ಡ್ಯೂಟಿ ಅದ ಅಲ್ಲ?" ಎಂದಳು ಯಂಕವ್ವ.

"ಇನ್ನೂ ಹುಡುಕೂ ಹಾಡು ಉಳದದ."

ಅವನು ಬಲಕ್ಕೆ ನಡೆದ. ಆರನೆಯ ಮಹಡಿಗೆ ಬಂದಿದ್ದ ಕಟ್ಟಡದ ಕೆಳಗೆ, ಜಲ್ಲಿಯ ರಾಶಿಯ ಪಕ್ಕ, ಇಟ್ಟಿಗೆಗಳ ಮೇಲೆ ಕೂತು ಹೇಳಿದ. ಖಾಲಿ ತಟ್ಟೆಯನ್ನು ಹಾಗೇ ಬಿಟ್ಟು ಅಪ್ಪ ಚೀಲ ಹೆಗಲಿಗೆ ಹಾಕಿಕೊಂಡ. ಒಂದು ಊರು. ಇನ್ನೊಂದು ಊರು. ಬಾಗಿಲು ಮಾಡುವ ಕೆಲಸ ಸಿಕ್ಕಲ್ಲೆಲ್ಲ ಮಾಡುತ್ತ, ಆ ಬಾಗಿಲನ್ನು ಯಾರು ತೆರೆಯುತ್ತಾರೆಂದು ನೋಡುತ್ತ.

ಯಂಕವ್ವ ಸೆರಗನ್ನು ಬಾಯಿಗೆ ಹಿಡಿದುಕೊಂಡಳು.

"ಆ ಅಪ್ಪ ಸುಳ್ಳ ಅಳ್ತಿದ್ದ ಅಂತ ಇಷ್ಟು ವರ್ಷ ತಿಳಕೊಂಡಿದ್ನೆಲ್ಲೋ ತಮ್ಮಾ. ಪಾಪ, ಖರೇನ ಹುಡುಕ್ಯಾನ." ಕಣ್ಣು ಒರೆಸಿಕೊಂಡಳು. "ಸಿಗ್ತಾಳಿಲ್ಲೋ?"

"ಸಿಗ್ತಾಳ. ಇನ್ನೊಂದು ಹಾಡು ಅದ."

"ಹೇಳು."

ಹೇಳಿದ. ಕೂಲಿ ನೋಡಿಕೊಳ್ಳುವ ಮುಕಾದಮ ಬಂದು ಹೆಂಗಸರನ್ನು ಕೆಲಸಕ್ಕೆ ಕರೆದ. ಯಂಕವ್ವ ಕೈ ಎತ್ತಿ ಅವನನ್ನು ನಿಲ್ಲಿಸಿದಳು. ಅವನೂ ನಿಂತು ಕೇಳಿದ.

ಅಂದು ಮಾಲ್‌ನಲ್ಲಿ ಮೂರು ಹದಿನೈದರ ಆಟ ಮೂರು ಇಪ್ಪತ್ತೇಳಕ್ಕೆ ಶುರುವಾಯಿತು.